ನಿಮ್ಮ ಪರವಾನಗಿ ಮಂಡಳಿ ಸನ್‌ಸೆಟ್ ಪರಿಶೀಲನೆಗೆ ಬಂದಿದೆಯೇ? ಟೆಕ್ಸಸ್ ಕನ್ನಡಿಗರಿಗೊಂದು ಮಾರ್ಗದರ್ಶಿ

ಟೆಕ್ಸಸ್‌ನಲ್ಲಿರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನನಗೆ ಪರವಾನಗಿ ಕೊಟ್ಟ ಮಂಡಳಿಯೇ ಸನ್‌ಸೆಟ್ ಪರಿಶೀಲನೆಗೆ ಬಂದಿದೆಯಂತೆ. ಅದು ಮುಚ್ಚಿಹೋದರೆ ನನ್ನ ಪರವಾನಗಿಯ ಗತಿ ಏನು?" ಕೇಳುವವರಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಆಪ್ತಸಮಾಲೋಚಕರಿದ್ದಾರೆ. ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಕೆಲಸ ಮಾಡುವವರು ಇದನ್ನೇ ಇನ್ನೊಂದು ರೀತಿ ಕೇಳುತ್ತಾರೆ: ಬೇರೆ ಕೆಲಸ ನೋಡಿಕೊಳ್ಳಬೇಕೇ? ಇಬ್ಬರಿಗೂ ಉತ್ತರ ಒಂದೇ. ಗಾಬರಿಯಾಗುವಂಥದ್ದೇನೂ ಇಲ್ಲ, ಆದರೆ ಕೊನೆಯ ತಿಂಗಳವರೆಗೆ ಕೈಕಟ್ಟಿ ಕೂತರೆ ನಿಮ್ಮ ಮಾತಿಗೆ ಜಾಗವಿರುವುದಿಲ್ಲ. ಮಂಡಳಿ ಉಳಿಯುವುದೋ ಅಳಿಯುವುದೋ ಎಂಬುದಕ್ಕಿಂತ, ಉಳಿದರೆ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ಆ ರೂಪ ತೀರ್ಮಾನವಾಗುವುದು ಬಹುಪಾಲು ಶಾಸನಸಭೆ ಸೇರುವುದಕ್ಕೆ ಮೊದಲೇ.

ಸನ್‌ಸೆಟ್ ಕಾನೂನು ಎಂದರೆ ಸರ್ಕಾರಿ ಸಂಸ್ಥೆಯೊಂದಕ್ಕೆ ಕಾನೂನಿನಲ್ಲೇ ಮುಕ್ತಾಯದ ದಿನಾಂಕವನ್ನು ಬರೆದಿಡುವುದು. ಆ ದಿನಾಂಕದೊಳಗೆ ಶಾಸನಸಭೆ ಹೊಸ ಮಸೂದೆ ಮಾಡಿ "ಇದು ಮುಂದುವರಿಯಲಿ" ಎಂದು ಹೇಳದಿದ್ದರೆ ಸಂಸ್ಥೆ ರದ್ದಾಗುತ್ತದೆ. ರದ್ದು ಮಾಡಲು ಯಾರೂ ಮತ ಹಾಕಬೇಕಿಲ್ಲ. ಉಳಿಸಲು ಮತ ಬೇಕು. ಭಾರತದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಸಂವಿಧಾನದ 334ನೇ ವಿಧಿ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಸ್ಥಾನ ಮೀಸಲಾತಿಯನ್ನು ಹತ್ತು ವರ್ಷಕ್ಕೊಮ್ಮೆ ವಿಸ್ತರಿಸಲಾಗುತ್ತಿದೆ. ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನವನ್ನು ವಿಸ್ತರಿಸದೆ ಬಿಟ್ಟದ್ದರಿಂದ 2020ರ ಜನವರಿಯಲ್ಲಿ ಅದು ತಾನಾಗಿಯೇ ನಿಂತಿತು. ಟೆಕ್ಸಸ್ ಇದೇ ಪದ್ಧತಿಯನ್ನು ತನ್ನ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಅನ್ವಯಿಸಿದೆ.

ಅಮೆರಿಕದಲ್ಲಿ ಇಂಥ ಕಾನೂನನ್ನು ಮೊದಲು ತಂದದ್ದು ಕೊಲರಾಡೊ, 1976ರಲ್ಲಿ. ಮರುವರ್ಷ ಟೆಕ್ಸಸ್ ಬಂತು. ಆಮೇಲೆ ಹಲವು ರಾಜ್ಯಗಳು ಇದೇ ದಾರಿ ಹಿಡಿದವು, ಕೆಲವು ಕೈಬಿಟ್ಟವು. ಟೆಕ್ಸಸ್‌ನಲ್ಲಂತೂ ಇದು ಬೇರು ಬಿಟ್ಟಿತು. ಈ ಬರಹ ಟೆಕ್ಸಸ್ ಪದ್ಧತಿಯನ್ನು ಅನುಸರಿಸುತ್ತದೆ. ಕೊಲರಾಡೊದಲ್ಲಿರುವವರಿಗೆ ಕೊನೆಯಲ್ಲಿ ನಾಲ್ಕು ಮಾತುಗಳಿವೆ.

ಯಾರು ಯಾರು?

ಸನ್‌ಸೆಟ್ ಅಡ್ವೈಸರಿ ಕಮಿಷನ್ ಎಂಬುದು 12 ಜನರ ಆಯೋಗ: ಐವರು ಸೆನೆಟರ್‌ಗಳು, ಐವರು ಪ್ರತಿನಿಧಿ ಸಭೆಯ ಸದಸ್ಯರು, ಇಬ್ಬರು ಸಾರ್ವಜನಿಕರು. ಸೆನೆಟ್ ಕಡೆಯವರನ್ನು ಲೆಫ್ಟಿನೆಂಟ್ ಗವರ್ನರ್ ನೇಮಿಸುತ್ತಾರೆ, ಪ್ರತಿನಿಧಿ ಸಭೆಯ ಕಡೆಯವರನ್ನು ಸ್ಪೀಕರ್ ನೇಮಿಸುತ್ತಾರೆ. ಅಧ್ಯಕ್ಷ ಸ್ಥಾನ ಎರಡು ಸದನಗಳ ನಡುವೆ ಎರಡು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತದೆ. ಆಯೋಗಕ್ಕೆ ತನ್ನದೇ ಸಿಬ್ಬಂದಿ ಇದೆ. ಅವರು ಯಾವ ಪಕ್ಷದ ಪರವೂ ಅಲ್ಲದ ವಿಶ್ಲೇಷಕರು. ನಿಮ್ಮ ಮಟ್ಟಿಗೆ ಅತಿ ಮುಖ್ಯರು ಇವರೇ, ಸದಸ್ಯರಲ್ಲ.

ನಮ್ಮವರು ಒಂದು ಕಡೆ ಎಡವುತ್ತಾರೆ. ಟೆಕ್ಸಸ್‌ನ ಲೆಫ್ಟಿನೆಂಟ್ ಗವರ್ನರ್ ದೆಹಲಿಯ ಅಥವಾ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್‌ನಂಥವರಲ್ಲ. ಅವರು ಜನರಿಂದ ಚುನಾಯಿತರಾದವರು, ಸೆನೆಟ್‌ನ ಪೀಠದಲ್ಲಿ ಕೂರುವವರು. ಯಾವ ಮಸೂದೆ ಮುಂದೆ ಹೋಗಬೇಕು, ಯಾವುದು ಕಪಾಟಿನಲ್ಲಿ ಕೊಳೆಯಬೇಕು ಎಂಬುದರಲ್ಲಿ ಅವರ ಮಾತಿಗೆ ಭಾರೀ ತೂಕವಿದೆ. ಅವರನ್ನು ಅಲಂಕಾರದ ಹುದ್ದೆ ಎಂದುಕೊಂಡರೆ ಮುಂದಿನ ಅರ್ಧ ಕಥೆ ಅರ್ಥವಾಗುವುದಿಲ್ಲ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು ಹೆಚ್ಚೇನಿಲ್ಲ. ನಿಮ್ಮ ಮಂಡಳಿಯ ಪೂರ್ಣ ಹೆಸರು, ಅದನ್ನು ಸ್ಥಾಪಿಸಿದ ಕಾನೂನಿನ ಅಧ್ಯಾಯ, ನಿಮ್ಮ ಕ್ಷೇತ್ರದ ಸೆನೆಟರ್ ಮತ್ತು ಪ್ರತಿನಿಧಿಯ ಹೆಸರು, ಮಂಡಳಿಯೊಂದಿಗೆ ನೀವು ನಡೆಸಿದ ಪತ್ರವ್ಯವಹಾರದ ಪ್ರತಿಗಳು. ಕೊನೆಯದನ್ನು ಬಹಳ ಜನ ಅಳಿಸಿಬಿಟ್ಟಿರುತ್ತಾರೆ.

1. ಮುಕ್ತಾಯದ ದಿನಾಂಕವನ್ನು ಕಾನೂನಿನಲ್ಲೇ ಓದಿ

ವಾಟ್ಸ್ಆ್ಯಪ್‌ನಲ್ಲಿ ಬಂದ ದಿನಾಂಕವನ್ನು ನಂಬಬೇಡಿ. ವೃತ್ತಿ ಪರವಾನಗಿ ಮಂಡಳಿಗಳ ಕಾನೂನುಗಳು ಬಹುಪಾಲು ಆಕ್ಯುಪೇಷನ್ಸ್ ಕೋಡ್ ಎಂಬ ಸಂಹಿತೆಯಲ್ಲಿವೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಮಂಡಳಿಯ ಅಧ್ಯಾಯ ತೆರೆದು "ಅಪ್ಲಿಕೇಷನ್ ಆಫ್ ಸನ್‌ಸೆಟ್ ಆ್ಯಕ್ಟ್" ಎಂಬ ಶೀರ್ಷಿಕೆಯ ಸೆಕ್ಷನ್ ಹುಡುಕಿ. ದಿನಾಂಕ ಸಾಮಾನ್ಯವಾಗಿ ಬೆಸ ಸಂಖ್ಯೆಯ ವರ್ಷವೊಂದರ ಸೆಪ್ಟೆಂಬರ್ 1 ಆಗಿರುತ್ತದೆ.

ದಿನಾಂಕಕ್ಕಿಂತ ಅದರ ಸುತ್ತಲಿನ ವಾಕ್ಯವನ್ನು ಗಮನಿಸಿ. ಕೆಲವು ಕಡೆ ಮಂಡಳಿ ರದ್ದಾಗುತ್ತದೆ ಎಂದಷ್ಟೇ ಇರುತ್ತದೆ. ಇನ್ನು ಕೆಲವು ಕಡೆ ಮಂಡಳಿಯ ಜೊತೆಗೆ ಆ ಅಧ್ಯಾಯವೂ ಮುಗಿಯುತ್ತದೆ ಎಂದಿರುತ್ತದೆ. ಅಂದರೆ ಆ ವೃತ್ತಿಗೆ ಪರವಾನಗಿ ಬೇಕೆನ್ನುವ ಕಾನೂನೇ ಇಲ್ಲವಾಗುತ್ತದೆ. ಮೂರನೆಯ ಬಗೆಯೂ ಉಂಟು: ಪರಿಶೀಲನೆ ನಡೆಯುತ್ತದೆ, ಆದರೆ ರದ್ದತಿಯ ಭಯವಿಲ್ಲ. ನದಿ ಪ್ರಾಧಿಕಾರಗಳು ಈ ಗುಂಪಿನವು. ರಾಜ್ಯದ ವಿದ್ಯುತ್ ಜಾಲವನ್ನು ನಡೆಸುವ ಎರ್ಕಾಟ್ ಕೂಡ ಹೀಗೆಯೇ. ನಿಮ್ಮದು ಯಾವ ಬಗೆ ಎಂದು ತಿಳಿದರೆ ಅರ್ಧ ಆತಂಕ ಕಡಿಮೆಯಾಗುತ್ತದೆ, ಅಥವಾ ಸರಿಯಾದ ಆತಂಕ ಶುರುವಾಗುತ್ತದೆ.

ಮಂಡಳಿಯ ನವೀಕರಣ ಸಾಮಾನ್ಯವಾಗಿ 12 ವರ್ಷಕ್ಕೆ. ವೈದ್ಯಕೀಯ ಮಂಡಳಿಗೆ 2019ರಲ್ಲಿ ಸಿಕ್ಕ ನವೀಕರಣ 2031ರವರೆಗೆ. ಆದರೆ ಶಾಸನಸಭೆಗೆ ಸಂಸ್ಥೆಯ ಮೇಲೆ ಪೂರ್ತಿ ನಂಬಿಕೆ ಇಲ್ಲದಿದ್ದರೆ ಅವಧಿ ಕಡಿಮೆ ಮಾಡುತ್ತದೆ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ವಿದ್ಯುತ್ ಕೈಕೊಟ್ಟ ಮೇಲೆ, ವಿದ್ಯುತ್ ಕ್ಷೇತ್ರವನ್ನು ನಿಯಂತ್ರಿಸುವ ಪಬ್ಲಿಕ್ ಯುಟಿಲಿಟಿ ಕಮಿಷನ್‌ನ ಪರಿಶೀಲನೆ ನಡೆದು, 2023ರಲ್ಲಿ ಅದಕ್ಕೆ ಸಿಕ್ಕಿದ್ದು ಆರು ವರ್ಷ ಮಾತ್ರ.

2. ದಿನಾಂಕದಿಂದ ಹಿಂದಕ್ಕೆ ಎಣಿಸಿ

ಟೆಕ್ಸಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಬೆಸ ವರ್ಷದ ಜನವರಿಯ ಎರಡನೇ ಮಂಗಳವಾರ ಸೇರಿ 140 ದಿನ ನಡೆಯುತ್ತದೆ. ಬೆಂಗಳೂರಿನಲ್ಲಿ ಈ ಅಧಿವೇಶನ ತಪ್ಪಿದರೆ ಮುಂದಿನದರಲ್ಲಿ ನೋಡೋಣ ಎನ್ನಬಹುದು. ಇಲ್ಲಿ ಮುಂದಿನದು ಎಂದರೆ ಎರಡು ವರ್ಷ.

2027ರ ಸೆಪ್ಟೆಂಬರ್ 1 ನಿಮ್ಮ ಮಂಡಳಿಯ ದಿನಾಂಕ ಎಂದುಕೊಳ್ಳಿ. ಮಂಡಳಿ ತನ್ನ ಸ್ವಮೌಲ್ಯಮಾಪನ ವರದಿ ಕೊಡಬೇಕಾದದ್ದು 2025ರ ಸೆಪ್ಟೆಂಬರ್ 1ರೊಳಗೆ. ಅಲ್ಲಿಂದ 2026ರ ಕೊನೆಯವರೆಗೆ ಸಿಬ್ಬಂದಿಯ ಪರಿಶೀಲನೆ, ಅವರ ವರದಿ, ಆಯೋಗದ ಬಹಿರಂಗ ವಿಚಾರಣೆ ಮತ್ತು ತೀರ್ಮಾನ ಸಭೆ. ಯಾವ ಸಂಸ್ಥೆಯ ಸರದಿ ಯಾವ ತಿಂಗಳು ಎಂಬುದು ಬೇರೆಬೇರೆ ಇರುತ್ತದೆ. ಆಯೋಗದ ಜಾಲತಾಣದಲ್ಲಿ ನೋಡಿಕೊಳ್ಳಿ. ಅಧಿವೇಶನ 2027ರ ಜನವರಿ 12ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಸಾಮಾನ್ಯ ಮಸೂದೆ ಸಲ್ಲಿಸಲು 60ನೇ ದಿನ, ಅಂದರೆ ಮಾರ್ಚ್ 12, ಕೊನೆ.

ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 1, 2027 ಎಂದು ಮಾತ್ರ ಗುರುತು ಹಾಕಿ ನಿಶ್ಚಿಂತರಾಗುವವರೇ ಹೆಚ್ಚು. ಆ ದಿನ ಮಾಡಲು ಏನೂ ಉಳಿದಿರುವುದಿಲ್ಲ.

3. ಸ್ವಮೌಲ್ಯಮಾಪನ ವರದಿಯನ್ನು ತರಿಸಿ ಓದಿ

ಸಂಸ್ಥೆ ತನ್ನ ಬಗ್ಗೆ ತಾನೇ ಬರೆದು ಕೊಡುವ ಈ ವರದಿ ಸಾರ್ವಜನಿಕ ದಾಖಲೆ. ನೂರಾರು ಪುಟ ಇರಬಹುದು, ಎಲ್ಲವನ್ನೂ ಓದಬೇಕಾಗಿಲ್ಲ. ಮೂರು ಭಾಗ ಸಾಕು: ದೂರುಗಳು ಎಷ್ಟು ಬಂದವು ಮತ್ತು ಎಷ್ಟು ದಿನದಲ್ಲಿ ಇತ್ಯರ್ಥವಾದವು, ಪರವಾನಗಿ ಕೊಡಲು ಹಿಡಿಯುವ ಸಮಯ, ಮತ್ತು ಸಂಸ್ಥೆ ತಾನೇ ಒಪ್ಪಿಕೊಂಡ ಪ್ರಮುಖ ಸಮಸ್ಯೆಗಳು. ತನ್ನ ಬಗ್ಗೆ ತಾನೇ ಬರೆದುಕೊಂಡದ್ದು ಸ್ವಲ್ಪ ಸಿಹಿಯಾಗಿಯೇ ಇರುತ್ತದೆ. ಆದರೂ ಅಂಕಿಗಳು ಸಿಗುವುದು ಅಲ್ಲಿಯೇ. ನಿಮ್ಮ ಅನುಭವ ಆ ಅಂಕಿಗಳಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ನೀವು ಹೇಳಬೇಕಾದ ಮಾತು ಸಿಕ್ಕಿತು ಎಂದರ್ಥ.

4. ಸಿಬ್ಬಂದಿ ಪರಿಶೀಲಿಸುತ್ತಿರುವಾಗಲೇ ಬರೆಯಿರಿ

ಈ ಬರಹದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆಯೋಗದ ಸಿಬ್ಬಂದಿ ತಿಂಗಳುಗಟ್ಟಲೆ ಕಡತ ನೋಡುತ್ತಾರೆ, ಅಧಿಕಾರಿಗಳನ್ನು ಮಾತನಾಡಿಸುತ್ತಾರೆ, ವೃತ್ತಿ ಸಂಘಗಳನ್ನು ಕರೆಯುತ್ತಾರೆ. ಸಂಘಗಳು ತಪ್ಪದೆ ಹೋಗುತ್ತವೆ. ಪರವಾನಗಿ ಪಡೆದ ಸಾಮಾನ್ಯರು ಮತ್ತು ಆ ವೃತ್ತಿಯವರಿಂದ ಸೇವೆ ಪಡೆಯುವವರು ಹೋಗುವುದಿಲ್ಲ. ಹಾಗಾಗಿ ಸಾಮಾನ್ಯರೊಬ್ಬರು ಬರೆದ ಖಚಿತವಾದ ಒಂದು ಪತ್ರಕ್ಕೆ ಇಲ್ಲಿರುವ ಬೆಲೆ ಮುಂದಿನ ಯಾವ ಹಂತದಲ್ಲೂ ಇರುವುದಿಲ್ಲ.

ಆಯೋಗದ ಜಾಲತಾಣದಲ್ಲಿ ಅಭಿಪ್ರಾಯ ಸಲ್ಲಿಸುವ ನಮೂನೆ ಇದೆ. ಏನು ಬರೆಯಬೇಕು? "ಮಂಡಳಿ ಸರಿಯಿಲ್ಲ" ಎಂದರೆ ಪ್ರಯೋಜನವಿಲ್ಲ. ಸಿಬ್ಬಂದಿ ಕಾನೂನು ಹೇಳಿದ ಅಳತೆಗೋಲುಗಳಿಂದ ನೋಡುತ್ತಾರೆ: ಈ ಸಂಸ್ಥೆಯ ಅಗತ್ಯ ಈಗಲೂ ಇದೆಯೇ, ಇದೇ ಕೆಲಸವನ್ನು ಇನ್ನೊಂದು ಸಂಸ್ಥೆ ಮಾಡುತ್ತಿದೆಯೇ, ಇಷ್ಟು ಕಟ್ಟುಪಾಡಿಲ್ಲದೆ ಜನರನ್ನು ರಕ್ಷಿಸಬಹುದೇ, ದೂರುಗಳಿಗೆ ಬೇಗ ಸ್ಪಂದಿಸುತ್ತದೆಯೇ, ನಿಯಮ ರೂಪಿಸುವಾಗ ಜನರ ಮಾತು ಕೇಳುತ್ತದೆಯೇ. ನಿಮ್ಮ ಅನುಭವವನ್ನು ಇವುಗಳಲ್ಲೊಂದಕ್ಕೆ ಜೋಡಿಸಿ.

ಉದಾಹರಣೆಗೆ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಇರುವವರೊಬ್ಬರು ಇಲ್ಲಿ ಪರವಾನಗಿಗೆ ಅರ್ಜಿ ಹಾಕಿದ್ದಾರೆ ಎನ್ನಿ. ಒಂದೇ ಅಂಕಪಟ್ಟಿಯನ್ನು ವಿದೇಶಿ ಪದವಿಗಳ ಮೌಲ್ಯಮಾಪನ ಸಂಸ್ಥೆಗೂ ಮಂಡಳಿಗೂ ಪ್ರತ್ಯೇಕವಾಗಿ ತರಿಸಬೇಕಾಯಿತು, ಅದರಿಂದ ತಡವಾಯಿತು, ಮಂಡಳಿಯ ಯಾವ ನಿಯಮ ಇದನ್ನು ಕೇಳುತ್ತದೆ, ಇನ್ನೊಂದು ಮಂಡಳಿ ಇದನ್ನು ಹೇಗೆ ಸರಳಗೊಳಿಸಿದೆ. ಇಷ್ಟನ್ನು ದಿನಾಂಕಗಳ ಸಹಿತ ಒಂದು ಪುಟದಲ್ಲಿ ಬರೆದರೆ ಅದು ವಿಶ್ಲೇಷಕರ ಕೈಗೆ ಸಾಮಗ್ರಿ. ಮೂರು ಪುಟದ ಸಂಕಟ ಸಾಮಗ್ರಿಯಲ್ಲ.

ಒಂದು ಎಚ್ಚರಿಕೆ. ಸಿಬ್ಬಂದಿ ವರದಿ ಹೊರಬರುವ ಮೊದಲು ನೀವು ಕಳಿಸಿದ್ದು ಅವರ ಪರಿಶೀಲನಾ ಕಾಗದಪತ್ರಗಳ ಭಾಗವಾಗಿ ಗೋಪ್ಯವಾಗಿರುತ್ತದೆ. ವರದಿ ಬಂದ ನಂತರ ಕಳಿಸಿದ್ದು ನಿಮ್ಮ ಹೆಸರಿನೊಂದಿಗೆ ಜಾಲತಾಣದಲ್ಲಿ ಕಾಣಿಸಿಕೊಳ್ಳುತ್ತದೆ. ಮಂಡಳಿಯಲ್ಲೇ ಕೆಲಸ ಮಾಡುವವರಿಗೆ, ಅಥವಾ ಮಂಡಳಿಯ ಮುಂದೆ ಪ್ರಕರಣ ಬಾಕಿ ಇರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

5. ಸಿಬ್ಬಂದಿ ವರದಿಯನ್ನು ಪೆನ್ಸಿಲ್ ಹಿಡಿದು ಓದಿ

ವರದಿಯಲ್ಲಿ ಶಿಫಾರಸುಗಳು ಎರಡು ಬಗೆಯವು. ಒಂದು, ಕಾನೂನು ಬದಲಾಗಬೇಕಾದವು. ಇವಕ್ಕೆ ಮಸೂದೆ ಬೇಕು. ಇನ್ನೊಂದು, ಆಡಳಿತಾತ್ಮಕ ಸೂಚನೆಗಳು. ಆಯೋಗ ಒಪ್ಪಿದರೆ ಮಸೂದೆಯ ಹಂಗಿಲ್ಲದೆ ಸಂಸ್ಥೆ ಜಾರಿಗೆ ತರಬೇಕಾದವು. ನಿಮ್ಮ ಬೇಡಿಕೆ ಎರಡನೆಯ ಗುಂಪಿನಲ್ಲಿ ಸೇರುವಂತಿದ್ದರೆ ಅಲ್ಲೇ ಸೇರಲಿ. ಮಸೂದೆ ಸತ್ತರೂ ಅದು ಬದುಕುತ್ತದೆ.

ಇವುಗಳ ಜೊತೆ ಎಲ್ಲ ಸಂಸ್ಥೆಗಳಿಗೂ ಅನ್ವಯಿಸುವ ಸಿದ್ಧ ಶಿಫಾರಸುಗಳ ಪಟ್ಟಿ ಇರುತ್ತದೆ. ಮಂಡಳಿ ಸದಸ್ಯರಿಗೆ ತರಬೇತಿ, ಹಿತಾಸಕ್ತಿ ಸಂಘರ್ಷದ ತಡೆ, ದೂರುಗಳ ದಾಖಲೆ ಮುಂತಾದವು. ಇವುಗಳ ಮೇಲೆ ವಾದ ಮಾಡಿ ಸಮಯ ಕಳೆಯಬೇಡಿ.

ಕಣ್ಣಿಡಬೇಕಾದದ್ದು ವಿಲೀನದ ಶಿಫಾರಸಿನ ಮೇಲೆ. ಚಿಕ್ಕ ಮಂಡಳಿಯನ್ನು ರದ್ದು ಮಾಡಿ ಅದರ ಕೆಲಸವನ್ನು ಪರವಾನಗಿ ಮತ್ತು ನಿಯಂತ್ರಣ ಇಲಾಖೆಗೆ, ಅಂದರೆ ಟಿಡಿಎಲ್‌ಆರ್‌ಗೆ, ವರ್ಗಾಯಿಸಿ ಎಂಬ ಸಲಹೆ ಆಗಾಗ ಬರುತ್ತದೆ. 2025ರಲ್ಲಿ ರಾಜ್ಯದ ಲಾಟರಿ ಆಯೋಗ ರದ್ದಾಗಿ ಲಾಟರಿ ಹೋಗಿ ಸೇರಿದ್ದೂ ಅಲ್ಲಿಗೇ. ಮನೋವಿಜ್ಞಾನಿಗಳು, ಆಪ್ತಸಮಾಲೋಚಕರು, ಕುಟುಂಬ ಚಿಕಿತ್ಸಕರು, ಸಮಾಜ ಕಾರ್ಯಕರ್ತರ ನಾಲ್ಕು ಮಂಡಳಿಗಳನ್ನು 2019ರ ಕಾನೂನು ಬಿಹೇವಿಯರಲ್ ಹೆಲ್ತ್ ಎಕ್ಸಿಕ್ಯುಟಿವ್ ಕೌನ್ಸಿಲ್ ಎಂಬ ಒಂದೇ ಸೂರಿನಡಿ ತಂದಿತು. ವಿಲೀನ ಎಂದ ಕೂಡಲೇ ಕೆಡುಕು ಎನ್ನಬೇಕಿಲ್ಲ. ನಾಲ್ಕು ಕಡೆ ಇದ್ದ ಕಡತ ಕೆಲಸ ಒಂದು ಕಡೆ ಬರುವುದು ಅರ್ಜಿದಾರರಿಗೆ ಒಳ್ಳೆಯದೇ. ಆದರೆ ಶಿಸ್ತುಕ್ರಮದ ತೀರ್ಮಾನ ಆ ವೃತ್ತಿ ಬಲ್ಲವರ ಕೈಯಲ್ಲೇ ಉಳಿಯುತ್ತದೆಯೇ ಎಂದು ಕೇಳಲೇಬೇಕು.

6. ಬಹಿರಂಗ ವಿಚಾರಣೆಯಲ್ಲಿ ಮಾತನಾಡಿ

ಆಸ್ಟಿನ್‌ನ ಕ್ಯಾಪಿಟಲ್ ಭವನದಲ್ಲಿ ನಡೆಯುತ್ತದೆ. ಮೊದಲು ಸಿಬ್ಬಂದಿ ವರದಿ ಮಂಡಿಸುತ್ತಾರೆ, ನಂತರ ಸಂಸ್ಥೆಯ ಮುಖ್ಯಸ್ಥರು ಉತ್ತರಿಸುತ್ತಾರೆ, ಕೊನೆಗೆ ಸಾರ್ವಜನಿಕರ ಸರದಿ. ಇಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಹೆಸರು ನೋಂದಾಯಿಸಬೇಕು, ಮಾತಿಗೆ ಕೆಲವೇ ನಿಮಿಷ. ಬರೆದು ತಂದದ್ದನ್ನು ಓದಬೇಡಿ, ಅದನ್ನು ಸಲ್ಲಿಸಿ. ಎರಡೇ ಅಂಶ ಹೇಳಿ, ಪ್ರಶ್ನೆ ಬಂದರೆ ಉತ್ತರಿಸಿ, ಎದ್ದು ಬನ್ನಿ. ನಮ್ಮ ಸಭೆಗಳ ರೂಢಿಯಂತೆ ಎಲ್ಲರನ್ನೂ ಸಂಬೋಧಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

"ನಾನು ಇಲ್ಲಿನ ಪ್ರಜೆಯಲ್ಲ, ವೀಸಾದಲ್ಲಿದ್ದೇನೆ, ಮಾತನಾಡಬಹುದೇ?" ಆಯೋಗದ ಮುಂದೆ ಅಭಿಪ್ರಾಯ ಹೇಳಲು ಮತದಾರರಾಗಿರಬೇಕೆಂಬ ಷರತ್ತಿಲ್ಲ. ಆದರೆ ಶಾಸಕರ ಚುನಾವಣಾ ನಿಧಿಗೆ ಹಣ ಕೊಡುವುದು ಬೇರೆ ಮಾತು. ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು ಅದನ್ನು ಮಾಡುವಂತಿಲ್ಲ. ಕೇಂದ್ರದ ಕಾನೂನು ನಿಷೇಧಿಸಿದೆ. ಸಂಘದವರು ಚಂದಾ ಎತ್ತುವಾಗ ಇದನ್ನು ಮರೆತುಬಿಡುತ್ತಾರೆ.

ರಾಜ್ಯ ಸರ್ಕಾರದ ನೌಕರರಿಗೂ ಒಂದು ಗೆರೆ ಇದೆ. ಶಾಸನದ ಮೇಲೆ ಪ್ರಭಾವ ಬೀರಲು ರಾಜ್ಯದ ಅನುದಾನ ಬಳಸುವಂತಿಲ್ಲ. ಶಾಸಕರು ಕೇಳಿದ ಮಾಹಿತಿ ಕೊಡಬಹುದು. "ನಮ್ಮ ಇಲಾಖೆ ಉಳಿಸಿ" ಎಂಬ ಪತ್ರವನ್ನು ಕಚೇರಿಯ ಇಮೇಲ್‌ನಿಂದ, ಕಚೇರಿಯ ವೇಳೆಯಲ್ಲಿ ಕಳಿಸಬಾರದು. ಹೇಳುವುದಿದ್ದರೆ ಸ್ವಂತ ಸಮಯದಲ್ಲಿ, ಸ್ವಂತ ಹೆಸರಿನಲ್ಲಿ.

7. ತೀರ್ಮಾನ ಸಭೆಗೆ ಮುನ್ನ ಒಬ್ಬ ಸದಸ್ಯರನ್ನು ಹಿಡಿಯಿರಿ

ವಿಚಾರಣೆಯಲ್ಲಿ ಸಾರ್ವಜನಿಕರು ಎತ್ತಿದ ಹೊಸ ವಿಷಯಗಳನ್ನು ಸಿಬ್ಬಂದಿ ದಾಖಲಿಸುತ್ತಾರೆ. ದಾಖಲೆಯಲ್ಲಿ ನಿಮ್ಮ ಸಲಹೆ ಕಂಡಾಕ್ಷಣ ಗೆದ್ದೆವು ಎಂದು ಹಿಗ್ಗಬೇಡಿ. ಆಯೋಗದ ಸದಸ್ಯರೊಬ್ಬರು ಅದನ್ನು ತಮ್ಮ ಪ್ರಸ್ತಾವವಾಗಿ ಮಂಡಿಸಿ ಮತಕ್ಕೆ ಹಾಕದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ತೀರ್ಮಾನ ಸಭೆಯಲ್ಲಿ ಸಾಮಾನ್ಯವಾಗಿ ಸಾರ್ವಜನಿಕರ ಅಹವಾಲು ಕೇಳುವುದಿಲ್ಲ. ಆದ್ದರಿಂದ ವಿಚಾರಣೆಗೂ ತೀರ್ಮಾನಕ್ಕೂ ನಡುವಿನ ವಾರಗಳಲ್ಲಿ ಸದಸ್ಯರ ಕಚೇರಿಗೆ ಫೋನ್ ಮಾಡಿ, ಆ ವಿಷಯ ನೋಡಿಕೊಳ್ಳುವ ಸಹಾಯಕರನ್ನು ಕೇಳಿ, ಬದಲಾಗಬೇಕಾದ ಸೆಕ್ಷನ್‌ನ ಪಠ್ಯವನ್ನೇ ಬರೆದು ಕೊಡಿ.

8. ಮಸೂದೆಯ ಬೆನ್ನು ಬಿಡಬೇಡಿ

ಆಯೋಗದ ತೀರ್ಮಾನ ಸಲಹೆ ಮಾತ್ರ. ಅದನ್ನು ಮಸೂದೆಯಾಗಿ ಆಯೋಗದ ಸದಸ್ಯರೇ ಸಾಮಾನ್ಯವಾಗಿ ಮಂಡಿಸುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಮಸೂದೆಗಳ ಹಾದಿಯೇ: ಎರಡೂ ಸದನಗಳ ಸಮಿತಿ, ಸದನದಲ್ಲಿ ಮತ, ಎರಡು ಸದನಗಳು ಪಾಸು ಮಾಡಿದ ಪಠ್ಯ ಬೇರೆಬೇರೆಯಾದರೆ ಅವುಗಳ ಜಂಟಿ ಸಮಿತಿ, ಕೊನೆಗೆ ಗವರ್ನರ್. ಟೆಕ್ಸಸ್ ಲೆಜಿಸ್ಲೇಚರ್ ಆನ್‌ಲೈನ್ ಎಂಬ ಜಾಲತಾಣದಲ್ಲಿ ಮಸೂದೆಯ ಸಂಖ್ಯೆ ಕೊಟ್ಟರೆ ಅದು ಕದಲಿದಾಗಲೆಲ್ಲ ಇಮೇಲ್ ಬರುತ್ತದೆ. ಸಮಿತಿಯ ಮುಂದೆ ನೋಂದಾಯಿಸುವಾಗ ಪರ, ವಿರೋಧ, ಅಥವಾ ಮಾಹಿತಿಗಾಗಿ ಎಂಬ ಮೂರರಲ್ಲಿ ಒಂದನ್ನು ಆರಿಸಬೇಕು.

ಇಲ್ಲಿಯ ಅಪಾಯ ಏನೆಂದರೆ, ಸನ್‌ಸೆಟ್ ಮಸೂದೆ ಪಾಸಾಗಲೇಬೇಕು ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ತಮ್ಮ ಮಸೂದೆಗೆ ದಾರಿ ಕಾಣದವರೆಲ್ಲ ಇದಕ್ಕೆ ತಿದ್ದುಪಡಿಯಾಗಿ ತೂಗುಬೀಳಲು ನೋಡುತ್ತಾರೆ. ಜಾತ್ರೆಗೆ ಹೊರಟ ಕೊನೆಯ ಬಸ್ಸಿನ ಸ್ಥಿತಿ. ಭಾರ ಹೆಚ್ಚಾಗಿ ಮಸೂದೆಯೇ ಬಿದ್ದದ್ದುಂಟು. ಕೆಲವೊಮ್ಮೆ ಬೀಳಿಸುವುದು ಯಾರಿಗೂ ಬೇಕಿಲ್ಲದಿದ್ದರೂ ಬೀಳುತ್ತದೆ. 2013ರ ಏಪ್ರಿಲ್‌ನಲ್ಲಿ ಲಾಟರಿ ಆಯೋಗವನ್ನು ಮುಂದುವರಿಸುವ ಮಸೂದೆಯನ್ನು ಪ್ರತಿನಿಧಿ ಸಭೆ ಸೋಲಿಸಿತು. ಲಾಟರಿಯಿಂದ ಶಾಲೆಗಳಿಗೆ ಹೋಗುವ ಹಣ ನಿಂತುಹೋಗುತ್ತದೆ ಎಂಬ ಲೆಕ್ಕ ಹೊಳೆದ ಮೇಲೆ ಅದೇ ದಿನ ಮತ್ತೆ ಮತಕ್ಕೆ ಹಾಕಿ ಪಾಸು ಮಾಡಿತು.

ಇನ್ನೊಂದು ಅಪಾಯ ಬೇಕೆಂದೇ ತಡೆಯುವುದು. 2017ರಲ್ಲಿ ವೈದ್ಯಕೀಯ ಮಂಡಳಿ ಮತ್ತು ಮಾನಸಿಕ ಆರೋಗ್ಯದ ನಾಲ್ಕು ಮಂಡಳಿಗಳ ಅವಧಿ ವಿಸ್ತರಿಸುವ ಮಸೂದೆ ಅಧಿವೇಶನ ಮುಗಿಯುವಷ್ಟರಲ್ಲಿ ಪಾಸಾಗಲಿಲ್ಲ. ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಅವರಿಗೆ ಬೇಕಾಗಿದ್ದದ್ದು ಲಿಂಗಾಂತರಿಗಳ ಶೌಚಾಲಯ ಬಳಕೆಯನ್ನು ನಿರ್ಬಂಧಿಸುವ ಮಸೂದೆ ಮತ್ತು ಆಸ್ತಿ ತೆರಿಗೆಯ ಮಸೂದೆ. ಮಂಡಳಿಗಳು ಅತಂತ್ರವಾದರೆ ಗವರ್ನರ್ ವಿಶೇಷ ಅಧಿವೇಶನ ಕರೆಯಲೇಬೇಕಾಗುತ್ತದೆ ಎಂಬುದು ಲೆಕ್ಕಾಚಾರ. ಹಾಗೆಯೇ ಆಯಿತು. ಗವರ್ನರ್ ಗ್ರೆಗ್ ಅಬ್ಬಟ್ ಜುಲೈ 18ರಿಂದ ವಿಶೇಷ ಅಧಿವೇಶನ ಕರೆದರು, ಸೆನೆಟ್ ಮೊದಲು ಸನ್‌ಸೆಟ್ ಮಸೂದೆ ಪಾಸು ಮಾಡಲಿ, ಉಳಿದ ವಿಷಯ ಆಮೇಲೆ ಎಂದರು. ಮಂಡಳಿಗಳು ಉಳಿದವು, ಶೌಚಾಲಯದ ಮಸೂದೆ ಬಿತ್ತು. ಆ ಎರಡು ತಿಂಗಳು ರಾಜ್ಯದ ವೈದ್ಯರ ಪರವಾನಗಿ ವ್ಯವಸ್ಥೆಯೇ ಪಣಕ್ಕೆ ಬಿದ್ದಿತ್ತು. ಅದರಲ್ಲಿ ವೈದ್ಯಕೀಯ ಮಂಡಳಿಯ ತಪ್ಪೇನೂ ಇರಲಿಲ್ಲ. ಸನ್‌ಸೆಟ್ ಪದ್ಧತಿಯನ್ನು ಹೊಗಳುವವರು ಈ ಪ್ರಸಂಗವನ್ನು ಹೇಳುವುದಿಲ್ಲ.

ಕೆಲವು ಅಧಿವೇಶನಗಳಲ್ಲಿ "ಸೇಫ್ಟಿ ನೆಟ್" ಎಂದು ಕರೆಯುವ ಮಸೂದೆಯೊಂದು ಇರುತ್ತದೆ. ತಮ್ಮದೇ ಮಸೂದೆ ಬಿದ್ದುಹೋದ ಸಂಸ್ಥೆಗಳ ದಿನಾಂಕವನ್ನು ಮಾತ್ರ ಮುಂದೆ ಹಾಕುವ ಮಸೂದೆ ಅದು. ಮೇ ತಿಂಗಳಲ್ಲಿ ನಿಮ್ಮ ಮಸೂದೆ ಕುಂಟುತ್ತಿದ್ದರೆ ಇದರ ಪಟ್ಟಿಯಲ್ಲಿ ನಿಮ್ಮ ಮಂಡಳಿ ಇದೆಯೇ ನೋಡಿ. 2017ರಲ್ಲಿ ತಡೆದದ್ದು ಇದನ್ನೇ.

ಗವರ್ನರ್‌ಗೆ ವೀಟೋ ಅಧಿಕಾರವಿದೆ. ಅಧಿವೇಶನ ಮುಗಿದ ಮೇಲೆ ಸಹಿಗೆ 20 ದಿನ ಸಿಗುತ್ತದೆ. ಆಗ ವೀಟೋ ಬಿದ್ದರೆ ಮೀರಿಸಲು ಶಾಸನಸಭೆ ಊರಿನಲ್ಲೇ ಇರುವುದಿಲ್ಲ.

9. ಮಸೂದೆ ಪಾಸಾಗದಿದ್ದರೆ

ಸೆಪ್ಟೆಂಬರ್ 1ಕ್ಕೆ ಬೀಗ ಬೀಳುವುದಿಲ್ಲ. ಕೆಲಸಗಳನ್ನು ಮುಗಿಸಿಕೊಳ್ಳಲು ಸಂಸ್ಥೆಗೆ ಮುಂದಿನ ವರ್ಷದ ಸೆಪ್ಟೆಂಬರ್ 1ರವರೆಗೆ ಕಾಲಾವಕಾಶವಿದೆ. ಬೇರೆ ಕಾನೂನು ಹಾಗೆಂದು ಹೇಳದ ಹೊರತು ಆ ವರ್ಷ ಅದರ ಅಧಿಕಾರವೂ ಕಡಿಮೆಯಾಗುವುದಿಲ್ಲ. ನಿಮ್ಮ ಪರವಾನಗಿ ನವೀಕರಣದ ದಿನ ಆ ವರ್ಷದೊಳಗೆ ಬಂದರೆ ಎಂದಿನಂತೆ ಶುಲ್ಕ ಕಟ್ಟಿ ನವೀಕರಿಸಿ. "ಹೇಗೂ ಮುಚ್ಚುತ್ತದಲ್ಲ" ಎಂದು ಬಿಟ್ಟರೆ, ಮಂಡಳಿಯನ್ನು ಯಾರಾದರೂ ಉಳಿಸಿದಾಗ ಪರವಾನಗಿ ಇಲ್ಲದೆ ವೃತ್ತಿ ನಡೆಸಿದವರು ನೀವಾಗುತ್ತೀರಿ.

ಉಳಿಸುವ ದಾರಿಗಳು ಎರಡು ಕಂಡಿವೆ. ಮೊದಲನೆಯದು ವಿಶೇಷ ಅಧಿವೇಶನ: ಅದನ್ನು ಕರೆಯುವವರು ಗವರ್ನರ್ ಮಾತ್ರ, ವಿಷಯ ಗೊತ್ತು ಮಾಡುವವರೂ ಅವರೇ, ಮಿತಿ 30 ದಿನ. 2009ರಲ್ಲಿ ಸಾರಿಗೆ ಇಲಾಖೆ, ವಿಮಾ ಇಲಾಖೆ ಮೊದಲಾದವುಗಳ ಮಸೂದೆ ಬಿದ್ದಾಗ ಜುಲೈನಲ್ಲಿ ಎರಡೇ ದಿನದ ಅಧಿವೇಶನ ನಡೆಸಿ ವಿಸ್ತರಿಸಿದರು. ಎರಡನೆಯದು ವಿಚಿತ್ರ. 2019ರಲ್ಲಿ ಪ್ಲಂಬರ್‌ಗಳ ಪರೀಕ್ಷಾ ಮಂಡಳಿಯನ್ನು ಟಿಡಿಎಲ್‌ಆರ್‌ಗೆ ಸೇರಿಸುವ ಜಗಳದಲ್ಲಿ ಮಸೂದೆ ಸತ್ತಿತು. ಹಾರ್ವೆ ಚಂಡಮಾರುತದ ನಂತರದ ಪುನರ್ನಿರ್ಮಾಣಕ್ಕೆ ಪ್ಲಂಬರ್‌ಗಳು ಬೇಕು ಎಂಬ ಕಾರಣ ಕೊಟ್ಟು, ವಿಪತ್ತು ನಿರ್ವಹಣೆಯ ಅಧಿಕಾರ ಬಳಸಿ, ಗವರ್ನರ್ ಜೂನ್ 13ರಂದು ಆದೇಶ ಹೊರಡಿಸಿ ಮಂಡಳಿಯನ್ನು 2021ರ ಮೇ 31ರವರೆಗೆ ಮುಂದುವರಿಸಿದರು. ಶಾಸನಸಭೆ ಸಾಯಲು ಬಿಟ್ಟದ್ದನ್ನು ಎರಡು ವರ್ಷ ಹಿಂದಿನ ಮಳೆಯ ನೆಪದಲ್ಲಿ ಬದುಕಿಸಬಹುದೇ ಎಂಬ ಪ್ರಶ್ನೆ ನನಗಂತೂ ಉಳಿದಿದೆ. ಇಂಥದ್ದನ್ನು ನಂಬಿ ಯಾರೂ ಕೂರಬಾರದು.

ಯಾರೂ ಉಳಿಸದ ಸಂಸ್ಥೆಯೂ ಇದೆ. ಮನೆ ಕಟ್ಟುವವರ ಮೇಲಿನ ದೂರುಗಳನ್ನು ನೋಡಿಕೊಳ್ಳಲು 2003ರಲ್ಲಿ ಸ್ಥಾಪಿಸಿದ ರೆಸಿಡೆನ್ಷಿಯಲ್ ಕನ್‌ಸ್ಟ್ರಕ್ಷನ್ ಕಮಿಷನ್ ಮನೆ ಕೊಂಡವರಿಗೆ ನೆರವಾಗುವುದಿಲ್ಲ, ಅದನ್ನು ಮುಚ್ಚಿ ಎಂದು 2008ರಲ್ಲಿ ಸನ್‌ಸೆಟ್ ಸಿಬ್ಬಂದಿ ಬರೆದರು. 2009ರಲ್ಲಿ ಅದರ ಮಸೂದೆ ಪಾಸಾಗಲಿಲ್ಲ, ಜುಲೈನ ಆ ಎರಡು ದಿನಗಳಲ್ಲೂ ಯಾರೂ ಅದನ್ನು ನೆನೆಯಲಿಲ್ಲ. ಒಂದು ವರ್ಷದ ಕಾಲಾವಕಾಶ ಕಳೆದು 2010ರಲ್ಲಿ ಮುಚ್ಚಿತು.

10. ನವೀಕರಣವಾದ ಮೇಲೆ

ಹೊಸ ಕಾನೂನು ಸಾಮಾನ್ಯವಾಗಿ ಅದೇ ಸೆಪ್ಟೆಂಬರ್ 1ರಿಂದ ಜಾರಿ. ಆದರೆ ವಿವರಗಳು ಬರುವುದು ಮಂಡಳಿ ಮಾಡುವ ನಿಯಮಗಳಲ್ಲಿ. ಶುಲ್ಕ ಎಷ್ಟು, ಬೆರಳಿನ ಗುರುತು ಕೊಡುವುದು ಯಾವಾಗ, ಮುಂದುವರಿದ ಶಿಕ್ಷಣದ ಗಂಟೆಗಳೆಷ್ಟು ಎಂಬುದೆಲ್ಲ ಅಲ್ಲಿ. ನಿಯಮದ ಕರಡನ್ನು ಟೆಕ್ಸಸ್ ರಿಜಿಸ್ಟರ್ ಎಂಬ ವಾರಪತ್ರದಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳುತ್ತಾರೆ. ನಿಮ್ಮ ಮಂಡಳಿ ಬೇರೆ ಇಲಾಖೆಗೆ ಸೇರಿದ್ದರೆ ಹಳೆಯ ಪರವಾನಗಿ ಎಲ್ಲಿಯವರೆಗೆ ಚಾಲ್ತಿ ಎಂಬುದು ಮಸೂದೆಯ ಕೊನೆಯ ಪುಟಗಳಲ್ಲಿ, ಪರಿವರ್ತನಾ ಸೆಕ್ಷನ್‌ಗಳಲ್ಲಿ ಇರುತ್ತದೆ. ಆ ಪುಟಗಳು ಸಂಹಿತೆಯೊಳಗೆ ಸೇರುವುದಿಲ್ಲ, ಆದ್ದರಿಂದ ಪಾಸಾದ ಮಸೂದೆಯ ಪ್ರತಿಯನ್ನೇ ಇಳಿಸಿಕೊಂಡು ಇಟ್ಟುಕೊಳ್ಳಿ. ಆಡಳಿತಾತ್ಮಕ ಸೂಚನೆಗಳು ಜಾರಿಯಾದವೇ ಎಂದು ಸನ್‌ಸೆಟ್ ಆಯೋಗ ಮುಂದೆ ಪರಿಶೀಲಿಸುತ್ತದೆ. ಜಾರಿಯಾಗದ್ದು ನಿಮಗೆ ಕಂಡರೆ ಅವರಿಗೆ ತಿಳಿಸಿ.

ಕೊಲರಾಡೊದಲ್ಲಿರುವವರಿಗೆ

ಅಲ್ಲಿ ಪರಿಶೀಲನೆ ಮಾಡುವುದು ಶಾಸಕರ ಆಯೋಗವಲ್ಲ, ನಿಯಂತ್ರಣ ಸಂಸ್ಥೆಗಳ ಇಲಾಖೆಯೊಳಗಿನ ಒಂದು ಕಚೇರಿ. ಅದನ್ನು ಕೋಪ್ರರ್ ಎಂದು ಕರೆಯುತ್ತಾರೆ. ಅದರ ವರದಿ ಅಧಿವೇಶನಕ್ಕೆ ಮುಂಚಿನ ಅಕ್ಟೋಬರ್ 15ರೊಳಗೆ ಶಾಸನಸಭೆಗೆ ಹೋಗಬೇಕು. ಕೊಲರಾಡೊ ಶಾಸನಸಭೆ ಪ್ರತಿ ವರ್ಷ ಸೇರುವುದರಿಂದ ಟೆಕ್ಸಸ್‌ನಷ್ಟು ಒತ್ತಡವಿಲ್ಲ. ರದ್ದಾದ ಸಂಸ್ಥೆಗೆ ಅಲ್ಲೂ ಒಂದು ವರ್ಷದ ಕಾಲಾವಕಾಶವಿದೆ. ಅಭಿಪ್ರಾಯವನ್ನು ಕೋಪ್ರರ್ ಕಚೇರಿಗೇ ಕಳಿಸಬೇಕು, ವರದಿ ಅಚ್ಚಾಗುವ ಮೊದಲು.